ಅಪ್ಪನ ಹೆಗಲು ತಟ್ಟಿದ ಕೈ

ಇವತ್ತು ಮುಂಜಾನೆ ನಮ್ಮ ಅಪ್ಪನ ಲಾರಿ ಚಾಲೂ ಆಯಿತು! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಇಪ್ಪತ್ತು ವರ್ಷದ ಮೇಲೆ ಜಾಲಿಕಂಟಿಯೊಳಗೆ ಸತ್ತಂತೆ ನಿಂತಿದ್ದ ಲಾರಿ ಅದು. ನನ್ನ ಮೊಮ್ಮಗಳು ರೇಷ್ಮಾ ಚಾವಿ ತಿರುವಿದಳು. ಎರಡು ಸಲ ಕೆಮ್ಮಿತು. ಮೂರನೆಯ ಸಲ ಕರಿ ಹೊಗೆ ಉಗುಳಿ ಧಡಧಡ ಎಂದು ಎದ್ದೇಬಿಟ್ಟಿತು. ಓಣಿಯ ನಾಯಿಗಳೆಲ್ಲ ಓಡಿಹೋದವು. ನನ್ನ ಮಗ ದಾವಲ ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದ. ನಾನು ಅಳುತ್ತಿದ್ದೆ ಎಂದು ಸೊಸೆ ಹೇಳುತ್ತಾಳೆ. ನನಗೆ ಗೊತ್ತಿಲ್ಲ. ನಾನು ಆ ಸದ್ದು ಕೇಳುತ್ತಿದ್ದೆ, ಅಷ್ಟೇ ಗೊತ್ತು.

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಅದೂ ಪೂರಾ ಅಲ್ಲ. ಯಾಕೆ ಪೂರಾ ಅಲ್ಲ ಎಂಬುದೂ ಈ ಲಾರಿಯದೇ ಕಥೆ.

ಆಗಿನ ಗಂಗಾವತಿ ಎಂದರೆ ನನಗೆ ಕುದಿಸಿದ ಭತ್ತದ ವಾಸನೆ. ಊರ ಸುತ್ತ ಅಕ್ಕಿ ಗಿರಣಿಗಳು. ಗಾಳಿ ಯಾವ ಕಡೆಯಿಂದ ಬೀಸಿದರೂ ಅದೇ ವಾಸನೆ, ಬಟ್ಟೆಯಲ್ಲೂ ಅದೇ, ತಲೆಗೂದಲಲ್ಲೂ ಅದೇ. ನಮ್ಮ ಅಪ್ಪ ಖಾಸೀಮಸಾಬ ಅಂಥದೊಂದು ಗಿರಣಿಯ ಸಾಹುಕಾರರ ಲಾರಿ ಹೊಡೆಯುತ್ತಿದ್ದ. ನವಲಿ ಕಡೆಯ ಹೊಲಗಳಿಂದ ಭತ್ತದ ಚೀಲ ಹೇರಿಕೊಂಡು ಗಿರಣಿಗೆ ತರುವುದು ಅವನ ಕೆಲಸ. ಬೇರೆ ಲಾರಿಗಳಿಗೆ ಮುಂದೆ ಉದ್ದನೆಯ ಮೂತಿ ಇತ್ತು. ನಮ್ಮದಕ್ಕೆ ಮೂತಿಯೇ ಇಲ್ಲ, ಗೋಡೆಯ ಹಾಗೆ ಚಪ್ಪಟೆ. ಇಂಜಿನ್ನು ಕ್ಯಾಬಿನ್ನಿನ ಒಳಗೇ ಕೂತಿತ್ತು, ಡ್ರೈವರನಿಗೂ ಕ್ಲೀನರನಿಗೂ ನಡುವೆ, ಮನೆಯ ಮಂದಿಯಲ್ಲಿ ಒಬ್ಬರ ಹಾಗೆ. ಅದರ ಮೇಲೆ ತಗಡಿನ ಮುಚ್ಚಳ. ಅದಕ್ಕೆ ಬಾನೆಟ್ ಎನ್ನುತ್ತಿದ್ದರು. ಅದು ಸುಡುತ್ತದೆಂದು ಅವ್ವ ಹಳೆಯ ಸೀರೆಗಳದೊಂದು ದಪ್ಪ ಕೌದಿ ಹೊಲಿದು ಹಾಸಿದ್ದಳು. ಬುತ್ತಿಯ ಗಂಟು ಅಲ್ಲೇ ಇಟ್ಟರೆ ಮಧ್ಯಾಹ್ನದ ತನಕ ರೊಟ್ಟಿ ಬಿಸಿ. ಪುಂಡಿಪಲ್ಯ, ಶೇಂಗಾ ಚಟ್ನಿ, ಜೋಳದ ರೊಟ್ಟಿ, ಎಲ್ಲದಕ್ಕೂ ಒಂಚೂರು ಡೀಸೆಲ್ ವಾಸನೆ. ಆ ವಾಸನೆ ಇಲ್ಲದ ರೊಟ್ಟಿ ನನಗೆ ಇವತ್ತಿಗೂ ಸಪ್ಪೆ.

ಮಗ್ಗುಲಲ್ಲೇ ಇಂಜಿನ್ ಇಟ್ಟುಕೊಂಡು ಹತ್ತು ಹನ್ನೆರಡು ವರ್ಷ ಓಡಿಸಿ ಓಡಿಸಿ ಅಪ್ಪನ ಕಿವಿ ಹೋಗಿತ್ತು. ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಮನೆಯಲ್ಲಿ ನಾವೆಲ್ಲ ಕೂಗಿಯೇ ಮಾತಾಡುತ್ತಿದ್ದೆವು. ‘ನೀರು ಕೊಡು’ ಎನ್ನುವುದೂ ಜಗಳದ ಹಾಗೆ ಕೇಳುತ್ತಿತ್ತು. ಹೊಸದಾಗಿ ಬಂದ ನೆರೆಮನೆಯವರು ಒಮ್ಮೆ ಜಗಳ ಬಿಡಿಸಲಿಕ್ಕೇ ಬಂದುಬಿಟ್ಟಿದ್ದರು. ಸಾಹುಕಾರರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಅವರು ಹುಟ್ಟಾ ದೊಡ್ಡ ದನಿಯವರು. ಅವರು ಮಾತಾಡಿದರೆ ಅಪ್ಪನಿಗೆ ಅಷ್ಟಿಷ್ಟು ಕೇಳುತ್ತಿತ್ತು. ಅದಕ್ಕೇ ಅಷ್ಟು ದಿನ ನಡೆಯಿತು.

ಆ ವರ್ಷ ಸುಗ್ಗಿಯ ಹೊತ್ತಿಗೆ ಕ್ಲೀನರ್ ಕೆಲಸ ಬಿಟ್ಟು ಹೋದ. ಹಿಂದಿನಿಂದ ಹಾರ್ನ್ ಬಂದರೆ ಅಪ್ಪನಿಗೆ ಹೇಳುವವರು ಇಲ್ಲವಾದರು. ಹೊಸಬನನ್ನು ಇಟ್ಟುಕೊಂಡರೆ ಅವನು ಸಾಹುಕಾರರ ಮುಂದೆ ಬಾಯಿ ಬಿಡುತ್ತಾನೆ, ಅಪ್ಪನ ಕೈಯಿಂದ ಸ್ಟೇರಿಂಗ್ ಹೋಗುತ್ತದೆ. ಅವ್ವ ಒಂದು ದಿನವೆಲ್ಲ ವಿಚಾರ ಮಾಡಿ ನನ್ನನ್ನು ಕರೆದಳು.

“ಮಾಬವ್ವ, ನಾಳಿಂದ ಸಾಲಿ ಬ್ಯಾಡ. ಅಪ್ಪನ ಜೋಡಿ ಹೋಗು.”

“ಎಷ್ಟ ದಿನಬೇ?”

“ಸುಗ್ಗಿ ಮುಗಿಯೂಮಟ. ನೀನ ಅಪ್ಪನ ಕಿವಿ. ಯಾರ ಮುಂದೂ ಹೇಳಬ್ಯಾಡ ಮತ್ತ!”

ನನಗೇನು, ಕುಣಿದಾಡಿದೆ. ಸಾಹುಕಾರರಿಗೆ ಅಪ್ಪ, “ಹುಡುಗಿ ಹಟ ಮಾಡ್ತೈತ್ರಿ, ಬರ್ತೀನಿ ಅಂತ” ಎಂದ. ಅವರು ನಕ್ಕು ಸುಮ್ಮನಾದರು.

ಕೌದಿಯ ಮೇಲೆ ಕೂತು ನಾನು ಅಪ್ಪನ ಎಡ ಹೆಗಲು ತಟ್ಟುತ್ತಿದ್ದೆ. ಒಂದು ಸಲ ತಟ್ಟಿದರೆ ಹಿಂದೆ ಹಾರ್ನ್ ಆಗಿದೆ, ಸೈಡ್ ಕೊಡು. ಎರಡು ಸಲ ತಟ್ಟಿದರೆ ಯಾರೋ ನಿನ್ನನ್ನು ಮಾತಾಡಿಸುತ್ತಿದ್ದಾರೆ. ಮೂರು ಸಲ ತಟ್ಟಿದರೆ ನನಗೆ ಹಸಿವು. ಮೂರರ ಏಟೇ ಜಾಸ್ತಿ ಬೀಳುತ್ತಿತ್ತು. “ಈಗಽ ತಿಂದೀದಿ ಅಲ್ಲಽ, ಹೊಟ್ಟಿನೋ ಭತ್ತದ ಹಗೇವೋ?” ಎಂದು ಅಪ್ಪ ಇಂಜಿನ್ನಿಗಿಂತ ಜೋರಾಗಿ ಕೂಗುತ್ತಿದ್ದ. ಹೊತ್ತು ಹೋಗದಿದ್ದರೆ ನಾನು ಕೌದಿಯ ಅಂಚು ಸರಿಸಿ, ಆಡುವ ಗಜಗದ ಕಾಯಿಗಳನ್ನು ಬಾನೆಟ್ಟಿನ ತಗಡಿನ ಮೇಲೆ ಬಿಡುತ್ತಿದ್ದೆ. ಲಾರಿ ನಿಂತು ಗುರುಗುಟ್ಟುವಾಗ ಅವು ಕುಣಿಯುತ್ತಿದ್ದವು, ಓಡುವಾಗ ಸುಮ್ಮನೆ ನಡುಗುತ್ತಿದ್ದವು. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡಿದ್ದ ತೆಲುಗು ರೈತರು ಏನೋ ಕೇಳಿದರೆ ಎರಡು ಏಟು. ಅಪ್ಪ ತಿರುಗಿ ತಲೆಯಾಡಿಸುತ್ತಿದ್ದ. ಅವನಿಗೆ ಕಿವಿಯೂ ಇಲ್ಲ, ತೆಲುಗೂ ಇಲ್ಲ. ಆದರೂ ಎಲ್ಲರೂ ಅವನನ್ನು ಒಳ್ಳೆಯ ಮನುಷ್ಯ ಎನ್ನುತ್ತಿದ್ದರು.

ಸುಗ್ಗಿ ಇನ್ನೇನು ಮುಗಿಯಬೇಕು, ಆಗ ಒಂದು ದಿನ ನವಲಿಯಲ್ಲಿ ಸಾಹುಕಾರರ ಜೀಪು ಕೆಟ್ಟಿತು. “ನಾನೂ ನಿನ್ನ ಲಾರ್ಯಾಗಽ ಬರ್ತೀನಿ ನಡಿಯೋ” ಎಂದು ಹತ್ತಿಯೇಬಿಟ್ಟರು. ಹತ್ತುವ ಮೊದಲು ಅಪ್ಪ ನನ್ನನ್ನು ಹಿಂದಿನ ಗಾಲಿಯ ಮರೆಗೆ ಕರೆದ. “ಇವತ್ತ ಕೈ ಹಚ್ಚಬ್ಯಾಡವಾ. ಕನ್ನಡಿ ನೋಡಿಕೋತ ಹೊಡೀತೀನಿ.”

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಈ ಕಡೆ ಅಪ್ಪ, ಆ ಕಡೆ ಸಾಹುಕಾರರು.

“ಖಾಸೀಮಾ, ಭತ್ತ ತೊಯ್ದೈತೇನೋ?”

“ಹೂಂರಿ, ಛಲೋ ಐತ್ರಿ.”

ಸಾಹುಕಾರರು ನನ್ನ ಮುಖ ನೋಡಿದರು. ನಾನು ಗಜಗ ನೋಡಿದೆ.

ಕಾಲುವೆ ದಂಡೆಯ ರಸ್ತೆ ಸಣ್ಣದು. ಹಿಂದಿನಿಂದ ಬಸ್ಸಿನ ಹಾರ್ನ್ ಶುರುವಾಯಿತು. ಅಪ್ಪನ ಕನ್ನಡಿಯ ತುಂಬ ನಮ್ಮದೇ ಧೂಳು. ಹಾರ್ನ್ ನಿಲ್ಲಲಿಲ್ಲ. “ಸೈಡ್ ಕೊಡೋ” ಎಂದರು ಸಾಹುಕಾರರು. ಅಪ್ಪನಿಗೆ ಕೇಳಲಿಲ್ಲ. ಬಸ್ಸು ತಾಳದೆ ಬಲಗಡೆಯಿಂದ ನುಗ್ಗಿತು. ಅದೇ ಹೊತ್ತಿಗೆ ಮುಂದೆ ಒಂದು ಎಮ್ಮೆ ಅಡ್ಡ ಬಂತು, ಅಪ್ಪ ಸ್ಟೇರಿಂಗನ್ನು ಬಲಕ್ಕೆ ಎಳೆಯತೊಡಗಿದ. ಬಸ್ಸಿನ ಕಿಟಕಿಯಲ್ಲಿ ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಕಂಡಳು. ಬಸ್ಸಿನ ಆಚೆ ಕಾಲುವೆ.

ತೊಡೆಯ ಕೆಳಗಿನ ಕೈ ಯಾವಾಗ ಹೊರಗೆ ಬಂತೋ! ಅಪ್ಪನ ಹೆಗಲಿಗೆ ಜೋರಾಗಿ ಒಂದು ಏಟು ಕೊಟ್ಟೆ.

ಅಪ್ಪ ಕನ್ನಡಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಥಟ್ಟನೆ ಎಡಕ್ಕೆ ಎಳೆದು ಬ್ರೇಕ್ ತುಳಿದ. ಬಸ್ಸು ಹೋಯಿತು. ಎಮ್ಮೆಯೂ ಹೋಯಿತು. ಸಾಹುಕಾರರು ಗಂಗಾವತಿ ಬರುವ ತನಕ ನನ್ನ ಕೈಯನ್ನೇ ನೋಡುತ್ತಿದ್ದರು.

ಗಿರಣಿಯಲ್ಲಿ ಅಪ್ಪ ಲಾರಿಯ ಹಿಂದೆ ಹೋಗಿ ಚೀಲಗಳಿಗೆ ಕಟ್ಟಿದ ಹಗ್ಗ ಬಿಚ್ಚುತ್ತಿದ್ದ. ಸಾಹುಕಾರರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಎಷ್ಟ ದಿನ ಆತವಾ, ನಿಮ್ಮಪ್ಪಗ ಕಿವಿ ಕೇಳವಲ್ದು?”

“ಕೇಳತೈತ್ರಿ ಸಾವಕಾರ್ರ. ನಾ ಸುಮ್ಮನ ಆಟಕ್ಕ ಬಡದೆ.”

ಅವರು ಅಪ್ಪನ ಬೆನ್ನ ಕಡೆ ತಿರುಗಿದರು. ಜೀವಮಾನದಲ್ಲಿ ಅದೊಂದೇ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು. “ಖಾಸೀಮಾ.”

ಅಪ್ಪ ಹಗ್ಗ ಬಿಚ್ಚುತ್ತಲೇ ಇದ್ದ.

“ಖಾಸೀಮಾ.”

ನನ್ನ ಕೈ ಎದ್ದಿತು. ಅಪ್ಪ ಹತ್ತು ಹೆಜ್ಜೆ ದೂರದಲ್ಲಿದ್ದ.

ಸಾಹುಕಾರರು ಕೆಟ್ಟವರಲ್ಲ. ಗಿರಣಿಯ ಗೇಟಿನ ಹತ್ತಿರ ಅಪ್ಪನಿಗೊಂದು ಸ್ಟೂಲು ಹಾಕಿಸಿ, ಕಾವಲಿನ ಕೆಲಸ ಕೊಟ್ಟರು. ಲಾರಿಗೆ ಬೇರೆ ಡ್ರೈವರ್ ಬಂದ. ಅವತ್ತು ಮನೆಗೆ ನಡೆದು ಬರುವಾಗ ನಾನು ಅಪ್ಪನ ಮುಂದೆ ಬಂದು ನಿಂತು, ಅವನ ಮುಖಕ್ಕೇ ಕೂಗಿದೆ. “ಬಡೀಬ್ಯಾಡ ಅಂದಿದ್ದಿ! ನಾ ಬಡದೆ!”

ಅಪ್ಪ ಬುತ್ತಿಯ ಗಂಟನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. “ಆ ಬಸ್ಸಿನಾಗ ಎಷ್ಟ ಮಂದಿ ಇದ್ರು, ನೋಡಿದಿಲ್ಲೋ?”

“ನೋಡಿದೆ.”

“ಮತ್ತ? ನಡಿ, ಹಸದೈತಿ.”

ಅಷ್ಟೇ. ಆಮೇಲೆ ಆ ಮಾತು ಎತ್ತಲೇ ಇಲ್ಲ. ದಿನಾ ಸಂಜೆ ಲಾರಿ ಗೇಟಿನೊಳಗೆ ಬಂದಾಗ ಅದರ ಗಾಜು ಒರೆಸುತ್ತಿದ್ದ, ಯಾರೂ ಹೇಳದಿದ್ದರೂ. ಒಳಗೆ ಮಾತ್ರ ಹತ್ತುತ್ತಿರಲಿಲ್ಲ. ನಾನು ತಿರುಗಿ ಸಾಲಿಗೆ ಹೋಗಲಿಲ್ಲ, ಮನೆಗೆಲಸಕ್ಕೆ ಬಿದ್ದೆ. ಲಾರಿ ಹಳತಾಗಿ ಗಿರಣಿಯ ಹಿತ್ತಲು ಸೇರುವ ಹೊತ್ತಿಗೆ ಅಪ್ಪ ಇರಲಿಲ್ಲ.

ಹೋದ ವರ್ಷ ಆ ಗಿರಣಿ ಕೆಡವಿದರು. ಸಾಹುಕಾರರ ಮೊಮ್ಮಗ ನನ್ನ ಮಗನ ಗ್ಯಾರೇಜಿಗೆ ಬಂದು, “ಆ ಲಾರಿ ಗುಜರಿಗೆ ಹಾಕೂಕಿಂತ ನೀವಽ ಒಯ್ರಿ” ಎಂದ. ಅಗೆದು ಎಳೆದು ತಂದದ್ದನ್ನು ನೋಡಿ ದಾವಲ ತಲೆ ಹಿಡಿದುಕೊಂಡ. “ಇದು ಲಾರಿ ಅಲ್ಲಬೇ ಅವ್ವ, ಇಲಿ ಮನಿ.” ಗ್ಯಾರೇಜಿನಲ್ಲಿ ದಾವಲನ ಸಮಕ್ಕೆ ಕೆಲಸ ಮಾಡುವ ಅವನ ಮಗಳು ರೇಷ್ಮಾ ಮಾತ್ರ ಸುತ್ತ ಒಂದು ಸಲ ತಿರುಗಿ ನೋಡಿ, “ಇಲಿ ಬಿಡಿಸೂನು ತಗೋ” ಎಂದಳು. ಟ್ಯಾಂಕಿನ ತುಕ್ಕು ತೊಳೆದಳು, ಡೀಸೆಲ್ ಪಂಪು ಬಿಚ್ಚಿ ಕಟ್ಟಿದಳು, ಬ್ರೇಕಿನ ಸಾಮಾನಿಗೆ ಹೊಸಪೇಟೆಯ ಗುಜರಿಗಳನ್ನೆಲ್ಲ ಹುಡುಕಿದಳು. ನಾನು ಹಳೆಯ ಸೀರೆ ಕೂಡಿಸಿ ಕೌದಿ ಹೊಲಿದೆ. ಎಷ್ಟೋ ಸಲ ‘ಆಗಂಗಿಲ್ಲ’ ಎಂದು ಇಬ್ಬರೂ ಕೈ ಬಿಟ್ಟರು. ನಾನು ಮಾತ್ರ ಹೊಲಿಯುವುದು ಬಿಡಲಿಲ್ಲ.

ಇವತ್ತು ನಮ್ಮ ಮೊದಲ ಸವಾರಿ ಕಾಲುವೆಯ ತನಕ. ಸ್ಟೇರಿಂಗ್ ಹಿಡಿದವಳು ರೇಷ್ಮಾ, ಕೌದಿಯ ಮೇಲೆ ನಾನು, ಆಚೆ ದಾವಲ, ಸೊಸೆ. ಬುತ್ತಿಯ ಗಂಟು ಬಾನೆಟ್ಟಿನ ಮೇಲೆ ನನ್ನ ಮಗ್ಗುಲಲ್ಲಿ. ಹಿಂದೆ ಯಾವುದೋ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ನನ್ನ ಕೈ ತಾನೇ ಹೋಗಿ ರೇಷ್ಮಾಳ ಎಡ ಹೆಗಲು ತಟ್ಟಿತು.

“ಕೇಳಿಸ್ತಬೇ ಅಜ್ಜಿ, ನಂಗೇನ ಕಿವುಡು ಐತೇನು!” ಎಂದು ಅವಳು ನಕ್ಕು ಸೈಡ್ ಕೊಟ್ಟಳು.

ಹೌದು, ಅವಳಿಗೆ ಕೇಳುತ್ತದೆ. ಕೇಳಲಿ, ನೂರು ವರ್ಷ ಕೇಳಲಿ. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಸಂಜೆ ಅಂಗಳದಲ್ಲಿ ಲಾರಿಯ ಮುಂದೆಯೇ ಚಾಪೆ ಹಾಸಿ ಎಲ್ಲರೂ ಉಣ್ಣಲು ಕೂತೆವು. ಮತ್ತೊಂದು ಸುತ್ತು ಹೊಡೆದು ಆಗಷ್ಟೇ ಇಳಿದಿದ್ದೆವು, ಎಲ್ಲರ ಕಿವಿಯಲ್ಲೂ ಇಂಜಿನ್ ಇನ್ನೂ ಗುಂಯ್‌ಗುಡುತ್ತಿತ್ತು. “ರೊಟ್ಟಿ ಹಾಕು!” ಎಂದು ದಾವಲ ಹೆಂಡತಿಗೆ ಕೂಗಿದ. “ಏನಂದ್ರಿ?” ಎಂದು ಸೊಸೆ ಕೂಗಿದಳು. “ಚಟ್ನಿಗೆ ಡೀಸೆಲ್ ವಾಸನಿ ಬರಾಕತ್ತೈತಿ!” ಎಂದು ರೇಷ್ಮಾ ಕೂಗಿದಳು. “ಅದಽ ರುಚಿ, ತಿನ್ನು!” ಎಂದು ನಾನು ಕೂಗಿದೆ. ಹಾದಿಯಲ್ಲಿ ಹೋಗುವವರು ಜಗಳವೆಂದು ಹಣಕಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಅದೇ ನಮ್ಮ ಮನೆ, ಅದೇ ಗದ್ದಲ, ಇನ್ನೇನು ಅಪ್ಪ ಕೈ ತೊಳೆದು ಬಂದು ಕೂರಬೇಕು.

ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಒಬ್ಬೊಬ್ಬರದೇ ಕಿವಿ ತಿಳಿಯಾಯಿತು. ದನಿಗಳು ಇಳಿದವು. ಎಲ್ಲರೂ ಮೆಲ್ಲಗೆ ಮಾತಾಡಿಕೊಂಡು ಉಣ್ಣತೊಡಗಿದರು. ನಾನೊಬ್ಬಳೇ ಇನ್ನೂ ಕೂಗಿ ಮಾತಾಡುತ್ತಿದ್ದೆ.