ಹಳದಿ ಬಟ್ಟೆಯ ಪರೀಕ್ಷೆ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಿದ್ದ ಅವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಕಾರ್ಖಾನೆಯ ಕೊಳೆ ನೀರು ಹಳ್ಳಕ್ಕೆ ಸೇರುತ್ತಿತ್ತು. ಹಳ್ಳದ ಕೆಳಗಿನವರು ಬಂದು ಜಗಳವಾಡಿದಾಗ, “ನೀರು ತಿಳಿಯಾಗದಿದ್ರೆ ಬಾಗಿಲು ಹಾಕ್ತೀನಿ,” ಎಂದು ಮಾತು ಕೊಟ್ಟಳು. ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಹತ್ತಿರ ಹೋಗಿ ನೀರು ಶುದ್ಧ ಮಾಡುವ ಬಗೆ ಕಲಿತಳು. ಪಂಪ್ ರಿಪೇರಿ ಮಾಡುವ ಮೈದುನ ಹಳೇ ಡ್ರಮ್ಮುಗಳಿಗೆ ಮರಳು, ಇದ್ದಿಲು ತುಂಬಿ ಸೋಸುವ ಯಂತ್ರ ಕಟ್ಟಿದ. ಸೋಸಿದ ನೀರನ್ನೇ ಮತ್ತೆ ಬಣ್ಣ ಹಾಕಲು ಬಳಸಿದರೆ ಹಳ್ಳಕ್ಕೆ ಬಿಡುವುದೇ ಬೇಡ ಎಂಬುದು ಬಣ್ಣದಕ್ಕನ ಲೆಕ್ಕ.

ಸೋಸಿದ ನೀರಲ್ಲಿ ಮೊದಲ ಬಟ್ಟೆ ಅದ್ದುವ ದಿನ ಕೆಲಸದವರೆಲ್ಲ ತೊಟ್ಟಿಯ ಸುತ್ತ ನಿಂತರು.

“ಕಪ್ಪು ಹಾಕೇ, ಕಲೆ ಬಿದ್ರೂ ಕಾಣಲ್ಲ,” ಎಂದರು ಅತ್ತೆ.

“ನಮ್ಮ ಕಣ್ಣಿಗೆ ನಾವೇ ಮಣ್ಣೆರಚ್ಕೊಳ್ಳೋದಾ ಅತ್ತೆ? ತಿಳಿಹಳದೀನೇ ಹಾಕ್ತೀನಿ.”

ಮೇಲೆ ಬಂದ ಬಟ್ಟೆ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಡ್ರಮ್ಮಿಗೆ ಒದೆಯಲು ಕಾಲೆತ್ತಿದ ಮೈದುನನ ತೋಳು ಹಿಡಿದುಕೊಂಡೇ ಬಣ್ಣದಕ್ಕ ಮೇಡಂಗೆ ಫೋನ್ ಮಾಡಿದಳು.

“ನೀರು ಬೇಗ ಇಳೀತಿದೆಯಾ?” ಎಂದು ಅವರು ಕೇಳಿದರು. “ಇದ್ದಿಲಲ್ಲಿ ಸ್ವಲ್ಪ ಹೊತ್ತು ನಿಲ್ಬೇಕು.”

“ಪಂಪಿನ ರಭಸ ಜಾಸ್ತಿಯಾಯ್ತು ಅತ್ತಿಗೆ!” ಎಂದ ಮೈದುನ ವಾಲ್ವ್ ತಿರುಗಿಸಿ ಹರಿವು ಸಣ್ಣದು ಮಾಡಿದ. ಡ್ರಮ್ಮಿನಿಂದ ನೀರು ತೊಟ್ಟಿಕ್ಕತೊಡಗಿತು. ಸಂಜೆಯಾದರೂ ಯಾರೂ ಮನೆ ಕಡೆ ಹೊರಡಲಿಲ್ಲ. ತೊಟ್ಟಿ ತುಂಬಿದ ಮೇಲೆ ಬಣ್ಣದಕ್ಕ ಎರಡನೇ ಬಟ್ಟೆ ಅದ್ದಿದಳು.

ಅದನ್ನು ಬೆಳಕಿಗೆ ಹಿಡಿದಾಗ ಅತ್ತೆಯೇ ಮೊದಲು ಕೂಗಿದರು: “ಹಳದಿ ಕಣೇ, ಅಚ್ಚ ಹಳದಿ!”

ಬಣ್ಣದಕ್ಕ ತೊಟ್ಟಿಯ ಅಂಚಿನ ಮೇಲೆ ಕುಸಿದು ಕುಳಿತು, ನಕ್ಕು, ಅತ್ತಳು. ಆಮೇಲೆ ಎದ್ದು, ಹಳ್ಳಕ್ಕೆ ನೀರು ಬಿಡುತ್ತಿದ್ದ ಕೊಳವೆಯ ಬಾಯಿಗೆ ತಾನೇ ಸಿಮೆಂಟ್ ಮೆತ್ತಿದಳು. ಮರುದಿನ ಮಾಮೂಲಿ ಹೊತ್ತಿಗೆ ಎಲ್ಲರೂ ಕೆಲಸಕ್ಕೆ ಬಂದರು.