ಆಯುಧಪೂಜೆಯ ದಿನ ಅಂಜನಮ್ಮ ಕಲಕಿದ ಮದ್ದು

ಕಾಮಾಕ್ಷಿಪಾಳ್ಯದ ಅಂಜನಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ರಾಜಾಜಿನಗರದ ಸಣ್ಣ ಔಷಧ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಮದ್ದು ಕಲಸುತ್ತಿದ್ದಳು. ಬಾಯಿ ಜೋರು ಎಂದು ಹೆಸರಾಗಿದ್ದಳು. ಬಡವರಿಗೆ ಜೋರಿಲ್ಲದ ಬಾಯಿ ಇದ್ದೇನು ಪ್ರಯೋಜನ, ಹೇಳಿ?

೧೯೮೮ರಲ್ಲಿ ಅಲ್ಲಿಗೊಂದು ಹೊಸ ಕೆಲಸ ಬಂತು. ಪಿತ್ತರಸ ಸರಿಯಾಗಿ ಇಳಿಯದ ಮಕ್ಕಳಿಗೆ ಎಣ್ಣೆಯಲ್ಲಿ ಮಾತ್ರ ಕರಗುವ ಮದ್ದು ಮೈಗೆ ಹತ್ತುವುದಿಲ್ಲ. ಅದಕ್ಕೆ ವಿಟಮಿನ್ ಇಯಿಂದ ಮಾಡಿದ ಮೇಣದಂಥ ವಸ್ತುವನ್ನು ಕರಗಿಸಿ, ಮದ್ದು ಬೆರೆಸಿ, ಬಿಸಿನೀರಿನಲ್ಲಿ ಕಲಕಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಮದ್ದನ್ನು ಹೊತ್ತು ಕರುಳು ದಾಟಿಸುತ್ತವೆ. ಕೆಮಿಸ್ಟ್ ರೇವಣಸಿದ್ದಪ್ಪ ಇದನ್ನೆಲ್ಲ ವಿವರಿಸಿದಾಗ ಅಂಜನಮ್ಮ, "ಗಂಟು ಕಟ್ಟಬಾರ್ದು, ಅಷ್ಟೇ ತಾನೇ ಸಾರ್?" ಎಂದಿದ್ದಳು.

ಆಯುಧಪೂಜೆಯ ದಿನ ಗಂಟು ಕಟ್ಟಿಯೇ ಬಿಟ್ಟಿತು. ಮರುದಿನ ಬೆಳಿಗ್ಗೆ ಮಕ್ಕಳ ಆಸ್ಪತ್ರೆಗೆ ಬಾಟಲಿ ಹೋಗಬೇಕಿತ್ತು. ಆದರೆ ಕಲಕುವ ಯಂತ್ರಕ್ಕೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದಾಗಿತ್ತು. ಪೂಜೆಯಾದ ಯಂತ್ರ ಅಂದು ತಿರುಗುವಂತಿಲ್ಲ. ಕೈಯಲ್ಲೇ ಕಲಕಿ ಎಂದ ಕಾರ್ಖಾನೆಯ ಯಜಮಾನರು, ನೀರು ಕಾಯುವವರೆಗೂ ತಾಳದೆ, ಅಂಜನಮ್ಮ ಬೇಡ ಎನ್ನುವಷ್ಟರಲ್ಲಿ ತಾವೇ ಒಂದು ಕೊಡ ತಣ್ಣೀರು ಸುರಿದರು. ಮೇಣವೆಲ್ಲ ಕೆಟ್ಟ ರಾಗಿಮುದ್ದೆಯ ಹಾಗೆ ಗಂಟಾಯಿತು.

"ಬಟ್ಟೇಲಿ ಸೋಸಿ ತುಂಬ್ಸಿ," ಎಂದರು ಯಜಮಾನರು.

ರೇವಣಸಿದ್ದಪ್ಪ ನೆಲ ನೋಡಿದ. ಓದಿದವರಿಗೆ ಇಂಥ ಹೊತ್ತಿನಲ್ಲಿ ನೆಲ ಬಹಳ ಚೆನ್ನಾಗಿ ಕಾಣುತ್ತದೆ.

"ಸೋಸಿದ್ರೆ ಮದ್ದೆಲ್ಲ ಬಟ್ಟೇಲಿ ಉಳಿಯುತ್ತೆ. ಕಾಯಿಲೆ ಮಕ್ಕಳು ಬರೀ ನೀರು ಕುಡೀತವೆ. ನಾನು ತುಂಬ್ಸಲ್ಲ," ಎಂದಳು ಅಂಜನಮ್ಮ.

"ಹಂಗಾದ್ರೆ ನಾಳೆಯಿಂದ ಬರ್ಬೇಡ."

ಅವಳ ಗಂಡ ತಿಮ್ಮಯ್ಯ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದ. ದುಡಿಯುವವಳು ಅವಳೊಬ್ಬಳೇ. ಆದರೆ ಭಯಕ್ಕಿಂತ ಸಿಟ್ಟು ದೊಡ್ಡದಾಗಿತ್ತು.

"ನಾಳೆಯಿಂದ ತಾನೇ? ಇವತ್ತಿನ್ನೂ ಕೆಲಸದಲ್ಲಿದೀನಿ," ಎಂದವಳೇ ಗಂಟು ಕರಗಿಸಲು ಪಾತ್ರೆಯನ್ನು ಒಲೆಗೇರಿಸಿದಳು. ಯಂತ್ರದ ಹಾರ ತೆಗೆದು ಕಣ್ಣಿಗೊತ್ತಿಕೊಂಡು ಬದಿಗಿಟ್ಟಳು. "ಪಾಪ ಬಂದ್ರೆ ನನ್ ತಲೆ ಮೇಲೆ ಬರ್ಲಿ. ಆ ತಾಯಿಗೂ ಮಕ್ಕಳ ಸಂಕಟ ಗೊತ್ತು," ಎಂದು ಸ್ವಿಚ್ ಒತ್ತಿದಳು.

ಯಜಮಾನರು ಕೂಗಾಡಿ ಹೊರಟುಹೋದರು. ಮೂರು ಗಂಟೆ ಯಂತ್ರ ತಿರುಗಿತು. ರೇವಣಸಿದ್ದಪ್ಪ ಕೊನೆಗೂ ತಲೆಯೆತ್ತಿ ಬಂದು, ಮದ್ದನ್ನು ಪರೀಕ್ಷೆ ಮಾಡಿ, "ಒಂದು ಗಂಟೂ ಇಲ್ಲ. ಸರಿಯಾಗಿದೆ ಅಂಜನಮ್ಮ," ಎಂದ. ಇಬ್ಬರೂ ಸೇರಿ ಬಾಟಲಿ ತುಂಬಿಸಿದರು.

ಮರುದಿನ ಗೇಟಿನಲ್ಲಿ ವಾಚ್‌ಮನ್ ಜಂಬಣ್ಣ ಅಡ್ಡ ಬಂದ. "ಒಳಗೆ ಬಿಡ್ಬೇಡ ಅಂದವ್ರೆ ಅಕ್ಕ," ಎಂದ ನಾಚಿಕೊಂಡು.

"ಗೊತ್ತು ಕಣಪ್ಪ. ಬಾಟಲಿ ಹೋದ್ವಾ ಅಂತ ಕೇಳಕ್ಕೆ ಬಂದೆ."

"ಆಗ್ಲೇ ಹೋದ್ವು."

ಅಂಜನಮ್ಮ ಸೆರಗು ಬಿಗಿದುಕೊಂಡು, ಬೇರೆ ಕೆಲಸ ಕೇಳಲು ಪಕ್ಕದ ಕಾರ್ಖಾನೆಯ ಗೇಟು ತಟ್ಟಿದಳು.