ಟೀಚರ್ ಹೆಸರಿನ ಪುಟ

ಕೇರಳದ ಕಳಮಶ್ಶೇರಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ವಿಜಯಾ ಮೈಸೂರಿನವಳು. ಗಂಡ ದಾಮೋದರನ ಬ್ಯಾಂಕ್ ವರ್ಗಾವಣೆ ಅವಳನ್ನು ಇಲ್ಲಿಗೆ ತಂದು ಹಾಕಿತ್ತು. ಪಾಪ, ಕೆಟ್ಟವಳಲ್ಲ, ಆದರೆ ಗೊತ್ತಿಲ್ಲ ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಡುತ್ತಿರಲಿಲ್ಲ.

೨೦೦೭ರಲ್ಲಿ ಮಕ್ಕಳಿಗೆಲ್ಲ ಇಂಟರ್ನೆಟ್ಟಿನಲ್ಲಿ ಗೆಳೆತನ ಬೆಳೆಸುವ ಆರ್ಕುಟ್ ಹುಚ್ಚು ಹಿಡಿದಾಗ, ಎಚ್ಚರಿಕೆಯ ನಾಲ್ಕು ಮಾತು ಹೇಳಿ ಎಂದರು ಪ್ರಿನ್ಸಿಪಾಲರು. ಪತ್ರಿಕೆಯಲ್ಲಿ ಓದಿದ್ದನ್ನೇ ವಿಜಯಾ ಒಪ್ಪಿಸಿದಳು: ಗುರುತಿಲ್ಲದವರನ್ನು ಸೇರಿಸಿಕೊಳ್ಳಬೇಡಿ, ಮನೆಯ ನಂಬರ್ ಕೊಡಬೇಡಿ, ಅನುಮಾನ ಬಂದರೆ ನನ್ನನ್ನೇ ಕೇಳಿ. ಒಂಬತ್ತನೆಯ ತರಗತಿಯ ಸುಮಯ್ಯಾ ಎದ್ದು, ಟೀಚರೂ ಆರ್ಕುಟ್‌ನಲ್ಲಿದ್ದಾರೆಯೇ ಎಂದು ಕೇಳಿದಳು. ವಿಜಯಾ ಅದನ್ನು ಒಮ್ಮೆಯೂ ತೆರೆದು ನೋಡಿದವಳಲ್ಲ. ಕಂಪ್ಯೂಟರ್ ಟೀಚರಾಗಿ ಹಾಗೆನ್ನುವುದು ಹೇಗೆ? ಸುಮ್ಮನೆ ನಕ್ಕಳು. ಇಡೀ ಕ್ಲಾಸು ಆ ನಗೆಯನ್ನು ಹೌದು ಎಂದೇ ತಿಳಿಯಿತು.

ಸ್ವಲ್ಪ ದಿನದಲ್ಲೇ ವಿಜಯಾ ಟೀಚರ್ ಹೆಸರಿನಲ್ಲಿ ಯಾರೋ ಆರ್ಕುಟ್ ಪುಟ ತೆರೆದರು. ವಾರ್ಷಿಕೋತ್ಸವದ ಫೋಟೋದಿಂದ ಕತ್ತರಿಸಿದ ಅವಳದೇ ಮುಖ. ಶಾಲೆಯ ಕೆಲಸಕ್ಕೆ ಬೇಕೆಂದು ಆ ಪುಟ ಸುಮಯ್ಯಾಳ ವಿಳಾಸ, ಫೋನ್ ನಂಬರ್ ಕೇಳಿತು. ಟೀಚರೇ ಕೇಳಿದ ಮೇಲೆ ಹುಡುಗಿ ಕೊಡದಿರುತ್ತಾಳೆಯೇ? ಆಮೇಲೆ ಸುಮಯ್ಯಾಳ ಹೆಸರಿನಲ್ಲೇ, ಬಾಯಲ್ಲಿ ಆಡಬಾರದ ಮಾತುಗಳ ಪುಟವೊಂದು ಹುಟ್ಟಿತು; ಕೆಳಗೆ ಅದೇ ವಿಳಾಸ, ಅದೇ ನಂಬರ್. ಕಂಡಕಂಡವರ ಫೋನು ಶುರುವಾಯಿತು. ಇಬ್ಬರಂತೂ ಮನೆಯ ಗೇಟಿನವರೆಗೂ ಬಂದು ನಿಂತರು.

ಅವಳ ಅಪ್ಪ ಹಂಝ ಉಪ್ಪಿನಂಗಡಿಯವನು, ಪಕ್ಕದ ಆಲುವದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಮಗಳನ್ನು ಶಾಲೆ ಬಿಡಿಸಿದ. ಓದಿದ್ದು ಸಾಕು, ಊರಿಗೆ ಹೋಗಿ ಅಜ್ಜಿಯ ಜೊತೆ ಇರಲಿ ಎಂದು ತೀರ್ಮಾನಿಸಿದ.

ವಿಷಯ ತಿಳಿದ ವಿಜಯಾ ಹುಡುಗಿಯ ಓದನ್ನಾದರೂ ಉಳಿಸಬೇಕೆಂದು ಅವರ ಮನೆಗೆ ಓಡಿದಳು. ಹಂಝ ಬೈಯಲಿಲ್ಲ, ಕುರ್ಚಿ ಹಾಕಿದ. ಬೈದಿದ್ದರೇ ಅವಳಿಗೆ ಎಷ್ಟೋ ವಾಸಿಯಿತ್ತು.

“ಕನ್ನಡದವರೇ ಒಬ್ರು ಟೀಚರ್ ಇದ್ದಾರಲ್ಲ ಅಂತ ನಮಗೆ ಧೈರ್ಯ ಇತ್ತು,” ಎಂದ. “ಇನ್ನು ಯಾರ ಧೈರ್ಯದಲ್ಲಿ ಕಳಿಸುದು?”

ವಿಳಾಸ, ನಂಬರ್ ಕೇಳಿದ್ದು ತಾನಲ್ಲ, ಆರ್ಕುಟ್ ಎಂದರೇನೆಂದೇ ತನಗೆ ಗೊತ್ತಿಲ್ಲ ಎಂದು ವಿಜಯಾ ಕೊನೆಗೂ ಬಾಯಿಬಿಟ್ಟಳು. ಒಳಬಾಗಿಲಲ್ಲಿ ನಿಂತು ಸುಮಯ್ಯಾ ಕೇಳಿಸಿಕೊಳ್ಳುತ್ತಿದ್ದಳು. ಟೀಚರಿಗೆ ಯಾವತ್ತೂ ಮಲಯಾಳದಲ್ಲೇ ಉತ್ತರಿಸುತ್ತಿದ್ದ ಹುಡುಗಿ ಅಂದು ಕನ್ನಡದಲ್ಲಿ ಮಾತಾಡಿದಳು.

“ಅದನ್ನು ಕ್ಲಾಸಲ್ಲಿ ನಾನು ಕೇಳಿದ ದಿವಸವೇ ಹೇಳ್ಬಹುದಿತ್ತಲ್ಲ, ಟೀಚರ್.”

ಊರಿಗೆ ಹೊರಡುವ ಅವಳ ಚೀಲವನ್ನು ಆಗಲೇ ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು.